ಮತಯಂತ್ರಕ್ಕೊಂದು ಮೂಗುದಾರ

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರೊಬ್ಬರು ಮಾಡಿದ ಭಾಷಣದ ಬರಹರೂಪ)



ಚುನಾವಣೆ ಎಂದೊಡನೆ ನಮಗೆ ನೆನಪಾಗುವುದು ಭಾಷಣ, ಮೆರವಣಿಗೆ, ಬಾವುಟ ಮತ್ತು ಫಲಿತಾಂಶದ ದಿನದ ಪಟಾಕಿ. ಇವುಗಳ ಹಿಂದೆ ಯಾರೂ ಗಮನಿಸದ ಒಂದು ಒಣ ವಿಷಯವಿದೆ. ಮತವನ್ನು ಯಾವ ಸಾಧನದ ಮೇಲೆ ಹಾಕಬೇಕು? ಆ ಸಾಧನ ಸರಿಯಿದೆ ಎಂದು ಪ್ರಮಾಣಪತ್ರ ಕೊಡುವವರು ಯಾರು? ಮತದಾನದ ದಿನಕ್ಕಿಂತ ಮೊದಲೇ ಬಂದ ಮತಪತ್ರವನ್ನು ಎಲ್ಲಿ ಇಡಬೇಕು, ಯಾವಾಗ ತೆರೆಯಬೇಕು? ಈ ಕಾನೂನುಗಳು ಪತ್ರಕರ್ತರ ಹಾಜರಿ ತೀರಾ ಕಡಿಮೆಯಿರುವ ಸಮಿತಿ ಕೊಠಡಿಗಳಲ್ಲಿ ತಯಾರಾಗುತ್ತವೆ. ಆದರೆ ಸ್ಪರ್ಧೆ ಬಿಗಿಯಾದಾಗ ಗೆದ್ದವರು ಯಾರು ಎಂಬುದನ್ನೂ, ಸೋತವರು ಸೋಲನ್ನು ಒಪ್ಪುತ್ತಾರೆಯೇ ಎಂಬುದನ್ನೂ ನಿರ್ಧರಿಸುವುದು ಇವೇ ಕಾನೂನುಗಳು. ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತ ಅಮೆರಿಕದ ರಾಜ್ಯಗಳ ಬಗ್ಗೆ, ಅದರಲ್ಲೂ ಅರಿಜೋನಾದ ಬಗ್ಗೆ ಇಂದು ನಾಲ್ಕು ಮಾತು ಆಡುತ್ತೇನೆ.

ಅದಕ್ಕೆ ಮೊದಲು ನಮ್ಮದೇ ಒಂದು ಪ್ರಸಂಗ. ನಾವು ಒತ್ತುವ ವಿದ್ಯುನ್ಮಾನ ಮತಯಂತ್ರವನ್ನು ತಯಾರಿಸುವ ಎರಡು ಸಾರ್ವಜನಿಕ ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಎಂಬುದು ನಿಮಗೆ ಗೊತ್ತೇ ಇದೆ. 1982ರಲ್ಲಿ ಕೇರಳದ ಪರೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಬಾರಿಗೆ ಯಂತ್ರವನ್ನು ಬಳಸಲಾಯಿತು. ಸೋತ ಅಭ್ಯರ್ಥಿ ನ್ಯಾಯಾಲಯದ ಮೆಟ್ಟಿಲೇರಿದರು. ಯಂತ್ರ ಕೆಟ್ಟಿದೆ ಎಂಬುದು ಸುಪ್ರೀಂ ಕೋರ್ಟ್‌ನ ತೀರ್ಪಾಗಿರಲಿಲ್ಲ. ಯಂತ್ರ ಬಳಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂದು ಅದು 1984ರಲ್ಲಿ ಹೇಳಿತು. ಆ 50 ಮತಗಟ್ಟೆಗಳಲ್ಲಿ ಮತಪತ್ರದ ಮೂಲಕ ಮರುಮತದಾನ ನಡೆದು, ಮೊದಲು ಸೋತಿದ್ದವರೇ ಗೆದ್ದರು. ಸಂಸತ್ತು 1988ರಲ್ಲಿ ಜನತಾ ಪ್ರಾತಿನಿಧ್ಯ ಕಾಯಿದೆಗೆ ತಿದ್ದುಪಡಿ ತಂದ ಬಳಿಕವೇ ಯಂತ್ರಕ್ಕೆ ಕಾನೂನಿನ ಬಲ ಬಂತು. ಯಂತ್ರ ಮೊದಲು ಬರುತ್ತದೆ, ಕಾನೂನು ಏದುಸಿರು ಬಿಡುತ್ತಾ ಹಿಂದೆ ಬರುತ್ತದೆ. ಅಮೆರಿಕದಲ್ಲೂ ಹಾಗೆಯೇ ಆಯಿತು.

ಒಂದು ದೇಶ, ಐವತ್ತು ಕಾನೂನು

ನಮ್ಮಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಂದೇ ಚುನಾವಣಾ ಆಯೋಗ, ಒಂದೇ ಕಾಯಿದೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿನ ಸಂವಿಧಾನದ ಮೊದಲ ವಿಧಿಯ ನಾಲ್ಕನೇ ಪ್ರಕರಣದ ಪ್ರಕಾರ ಸಂಸತ್ ಚುನಾವಣೆಯ ಕಾಲ, ಸ್ಥಳ ಮತ್ತು ರೀತಿಯನ್ನು ಗೊತ್ತುಮಾಡುವುದು ಆಯಾ ರಾಜ್ಯದ ಶಾಸನಸಭೆ. ಬೇಕೆನಿಸಿದರೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಅದನ್ನು ಬದಲಿಸಬಹುದು. ಹೀಗಾಗಿ 50 ರಾಜ್ಯಗಳಿಗೆ 50 ಬಗೆಯ ಕಾನೂನು. ಚುನಾವಣೆಯನ್ನು ನಿಜವಾಗಿ ನಡೆಸುವವರು ನಮ್ಮ ಜಿಲ್ಲೆಗಳಂತಿರುವ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳ ಅಧಿಕಾರಿಗಳು. ಒಂದು ಕೌಂಟಿಯ ಯಂತ್ರ ಪಕ್ಕದ ಕೌಂಟಿಯಲ್ಲಿ ಇಲ್ಲದಿರಬಹುದು.

ಅಲ್ಲಿ ಮತ ಹಾಕುವ ರೀತಿಯೂ ಹಲವು ಬಾರಿ ಬದಲಾಗಿದೆ. ಮೊದಮೊದಲು ಕೆಲವು ರಾಜ್ಯಗಳಲ್ಲಿ ಮತದಾರ ಎಲ್ಲರೆದುರು ನಿಂತು ಬಾಯಿಬಿಟ್ಟು ಹೆಸರು ಹೇಳಬೇಕಿತ್ತು. ಕೆಂಟಕಿ ರಾಜ್ಯದಲ್ಲಿ ಈ ಪದ್ಧತಿ 1891ರವರೆಗೂ ಉಳಿದಿತ್ತು. ಬೇರೆಡೆ ಪಕ್ಷಗಳೇ ಬಣ್ಣಬಣ್ಣದ ಚೀಟಿಗಳನ್ನು ಅಚ್ಚುಹಾಕಿಸಿ ಹಂಚುತ್ತಿದ್ದವು. ಚೀಟಿಯ ಬಣ್ಣ ನೋಡಿದರೆ ಸಾಕು, ಯಾರಿಗೆ ಮತ ಎಂಬುದು ಜಮೀನುದಾರನಿಗೂ ಕಾರ್ಖಾನೆಯ ಮಾಲೀಕನಿಗೂ ತಿಳಿಯುತ್ತಿತ್ತು. ಸರ್ಕಾರವೇ ಮುದ್ರಿಸಿ ಗುಟ್ಟಾಗಿ ಗುರುತು ಹಾಕಿಸುವ ಮತಪತ್ರ 1856ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿತು. ರಾಜ್ಯವಿಡೀ ಅನ್ವಯಿಸುವಂತೆ ಅದನ್ನು ಮೊದಲು ಕಾನೂನು ಮಾಡಿದ ಅಮೆರಿಕದ ರಾಜ್ಯ ಮ್ಯಾಸಚೂಸೆಟ್ಸ್, 1888ರಲ್ಲಿ.

ಕಾಗದ ಬಂದ ಮೇಲೆ ಕಾಗದದ ಮೋಸವೂ ಬಂತು. ಅದನ್ನು ತಡೆಯಲೆಂದು ನ್ಯೂಯಾರ್ಕ್ ರಾಜ್ಯದ ಜೇಕಬ್ ಮೈಯರ್ಸ್ ಎಂಬಾತ ಸನ್ನೆಗೋಲು ಎಳೆಯುವ ಯಂತ್ರವನ್ನು ಕಂಡುಹಿಡಿದ. ಅದು 1892ರಲ್ಲಿ ಲಾಕ್‌ಪೋರ್ಟ್ ಪಟ್ಟಣದಲ್ಲಿ ಮೊದಲು ಬಳಕೆಯಾಯಿತು. ಅದರಲ್ಲಿದ್ದ ಕೊರತೆ ಒಂದೇ. ಯಂತ್ರ ಒಟ್ಟು ಸಂಖ್ಯೆಯನ್ನು ಮಾತ್ರ ತೋರಿಸುತ್ತಿತ್ತು. ಒಂದೊಂದು ಮತಕ್ಕೂ ಬೇರೆ ದಾಖಲೆ ಇರಲಿಲ್ಲ. ಒಳಗಿನ ಹಲ್ಲುಚಕ್ರ ಸವೆದು ಲೆಕ್ಕ ತಪ್ಪಿದರೆ ಮತ್ತೆ ಎಣಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಈ ಕೊರತೆಯನ್ನು ಗಮನದಲ್ಲಿಡಿ. ನೂರು ವರ್ಷದ ಬಳಿಕ ಅದೇ ಕೊರತೆ ಹೊಸ ವೇಷದಲ್ಲಿ ಮರಳಿತು.

537 ಮತಗಳ ಪಾಠ

1964ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ತೂತು ಹೊಡೆಯುವ ಕಾರ್ಡು ಬಂತು. ಅಭ್ಯರ್ಥಿಯ ಹೆಸರಿನೆದುರು ಕಡ್ಡಿಯಿಂದ ಚುಚ್ಚಿದರೆ ಕಾರ್ಡಿನಿಂದ ಚೌಕಾಕಾರದ ಚೂರು ಉದುರುತ್ತದೆ, ಆ ತೂತನ್ನು ಕಂಪ್ಯೂಟರ್ ಎಣಿಸುತ್ತದೆ. ಅಗ್ಗದ ಉಪಾಯವಾದ್ದರಿಂದ ದೇಶದ ಉದ್ದಗಲಕ್ಕೂ ಹರಡಿತು. ಆ ಚೂರು ಪೂರ್ತಿ ಉದುರದೆ ಒಂದು ಮೂಲೆಯಲ್ಲಿ ನೇತಾಡಿದರೆ ಏನು ಮಾಡಬೇಕು? ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವ ಕಾನೂನು ಫ್ಲಾರಿಡಾದಲ್ಲಿ ಇರಲಿಲ್ಲ.

2000ದ ಅಧ್ಯಕ್ಷ ಚುನಾವಣೆಯಲ್ಲಿ ದೇಶದ ಅಧ್ಯಕ್ಷರು ಯಾರೆಂಬುದು ಫ್ಲಾರಿಡಾದ ಮೇಲೆ ನಿಂತಿತು. ಸುಮಾರು 60 ಲಕ್ಷ ಮತಗಳಲ್ಲಿ ಜಾರ್ಜ್ ಬುಷ್ ಮತ್ತು ಅಲ್ ಗೋರ್ ನಡುವಿನ ಅಧಿಕೃತ ಅಂತರ 537. ಪಾಮ್ ಬೀಚ್ ಕೌಂಟಿಯಲ್ಲಿ ಅಭ್ಯರ್ಥಿಗಳ ಹೆಸರುಗಳನ್ನು ಎಡಬಲ ಎರಡು ಪುಟಗಳಲ್ಲಿ ಹಾಕಿ, ತೂತುಗಳನ್ನು ನಡುವೆ ಒಂದೇ ಸಾಲಿನಲ್ಲಿ ಇಟ್ಟಿದ್ದರು. ಗೊಂದಲಕ್ಕೆ ಬಿದ್ದು ಎರಡು ಕಡೆ ಚುಚ್ಚಿದ 19,000ಕ್ಕೂ ಹೆಚ್ಚು ಕಾರ್ಡುಗಳು ತಿರಸ್ಕೃತವಾದವು. ಮರು ಎಣಿಕೆಗೆ ಕುಳಿತ ಅಧಿಕಾರಿಗಳು ಕಾರ್ಡನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಿದ್ದ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಒಂದು ಕೌಂಟಿಯಲ್ಲಿ ನೇತಾಡುವ ಚೂರು ಮತವೆನಿಸಿದರೆ ಇನ್ನೊಂದರಲ್ಲಿ ಅಲ್ಲ. ಡಿಸೆಂಬರ್ 12ರಂದು ಅಲ್ಲಿನ ಸುಪ್ರೀಂ ಕೋರ್ಟ್, ಸಮಾನ ಮಾನದಂಡವಿಲ್ಲದ ಈ ಎಣಿಕೆ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿ ಮರು ಎಣಿಕೆಯನ್ನು ನಿಲ್ಲಿಸಿತು. ಬುಷ್ ಅಧ್ಯಕ್ಷರಾದರು.

ಆಗ ಕಾನೂನುಗಳ ಸುರಿಮಳೆಯಾಯಿತು. ಫ್ಲಾರಿಡಾ 2001ರಲ್ಲಿ ತೂತಿನ ಕಾರ್ಡನ್ನು ನಿಷೇಧಿಸಿತು. ಕಾಂಗ್ರೆಸ್ 2002ರಲ್ಲಿ ‘ಹೆಲ್ಪ್ ಅಮೆರಿಕ ವೋಟ್’ ಕಾಯಿದೆಯನ್ನು ತಂದು, ಹಳೆಯ ಯಂತ್ರ ಬದಲಿಸಲು ರಾಜ್ಯಗಳಿಗೆ ಹಣ ಕೊಟ್ಟಿತು. ಪ್ರತಿ ಮತಗಟ್ಟೆಯಲ್ಲೂ ಅಂಗವಿಕಲರು ಸ್ವತಂತ್ರವಾಗಿ ಮತ ಹಾಕಬಲ್ಲ ಒಂದಾದರೂ ಯಂತ್ರ ಇರಬೇಕೆಂದು ವಿಧಿಸಿತು. ಮತಯಂತ್ರದ ಮಾನದಂಡ ರೂಪಿಸಲು ಒಂದು ಆಯೋಗವನ್ನೂ ನೇಮಿಸಿತು. ಆದರೆ ಒಂದು ಮಾತು ನೆನಪಿಡಿ. ಆ ಮಾನದಂಡ ಐಚ್ಛಿಕ. ಒಪ್ಪುವುದೂ ಬಿಡುವುದೂ ರಾಜ್ಯಗಳ ಇಷ್ಟ. ಕೆಲವು ರಾಜ್ಯಗಳು ಅದನ್ನು ತಮ್ಮ ಕಾನೂನಿನೊಳಕ್ಕೆ ಸೇರಿಸಿಕೊಂಡವು, ಕೆಲವು ತಮ್ಮದೇ ಪರೀಕ್ಷೆಯನ್ನು ಇಟ್ಟುಕೊಂಡವು.

ಕಾಗದವಿಲ್ಲದ ಯಂತ್ರ

ಕೇಂದ್ರದ ಹಣ ಕೈಗೆ ಬಂದಾಗ ಅನೇಕ ಕೌಂಟಿಗಳು ಸ್ಪರ್ಶ ಪರದೆಯ ಯಂತ್ರಗಳನ್ನು ಕೊಂಡವು. ಬೆರಳಿಟ್ಟರೆ ಸಾಕು, ನೇತಾಡುವ ಚೂರಿನ ರಗಳೆಯಿಲ್ಲ. ಅದರ ಜೊತೆಗೆ ಕಾಗದವೂ ಇಲ್ಲ. 2006ರಲ್ಲಿ ಫ್ಲಾರಿಡಾದ ಸಾರಸೋಟಾ ಕೌಂಟಿಯಲ್ಲಿ ಸಂಸತ್ ಸ್ಥಾನದ ಸ್ಪರ್ಧೆಗೆ ಸುಮಾರು 18,000 ಮಂದಿ ಯಾರಿಗೂ ಮತ ಹಾಕಿಲ್ಲ ಎಂದು ಯಂತ್ರ ತೋರಿಸಿತು. ಅವರೇ ಬೇರೆ ಹುದ್ದೆಗಳಿಗೆ ಮತ ಹಾಕಿದ್ದರು. ಗೆಲುವಿನ ಅಂತರ 369. ಪರದೆಯ ವಿನ್ಯಾಸದ ತಪ್ಪೇ, ಯಂತ್ರದ ತಪ್ಪೇ, ಮತದಾರರ ಬೇಸರವೇ? ಆ 18,000 ಮಂದಿಯ ಮನಸ್ಸಿನಲ್ಲಿ ಏನಿತ್ತೆಂದು ತೆರೆದು ನೋಡಲು ಒಂದು ಚೂರು ಕಾಗದವೂ ಇರಲಿಲ್ಲ. 1892ರ ಹಲ್ಲುಚಕ್ರದ ಕೊರತೆ ಬಣ್ಣದ ಪರದೆಯೊಳಗೆ ಕುಳಿತಿತ್ತು. ಮರುವರ್ಷವೇ ಫ್ಲಾರಿಡಾ ಕಾಗದದ ಮತಪತ್ರಕ್ಕೆ ಮರಳುವ ಕಾನೂನು ಮಾಡಿತು.

ಜಾರ್ಜಿಯಾ ಈ ಪಾಠ ಕಲಿಯಲು ಇನ್ನೂ ಹೆಚ್ಚು ಕಾಲ ತೆಗೆದುಕೊಂಡಿತು. 2002ರಿಂದ ರಾಜ್ಯವಿಡೀ ಕಾಗದವಿಲ್ಲದ ಯಂತ್ರಗಳಿದ್ದವು. ಕಾಗದ ಮುದ್ರಿಸುವ ಯಂತ್ರಕ್ಕೆ ಕಾನೂನು ಬಂದದ್ದು 2019ರಲ್ಲಿ. ಮರುವರ್ಷ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿ ಬೈಡನ್ ಅವರಿಗೆ ಸಿಕ್ಕ ಅಂತಿಮ ಮುನ್ನಡೆ 11,779. ಯಂತ್ರದಲ್ಲಿ ಮೋಸವಾಗಿದೆ ಎಂಬ ಕೂಗು ಎದ್ದಾಗ ರಾಜ್ಯ ಸುಮಾರು 50 ಲಕ್ಷ ಮತಪತ್ರಗಳನ್ನೂ ಕೈಯಿಂದ ಎಣಿಸಿತು. ಗೆದ್ದವರು ಬದಲಾಗಲಿಲ್ಲ. ಕಾಗದ ಒಂದೇ ಒಂದು ಚುನಾವಣೆಯಷ್ಟು ತಡವಾಗಿದ್ದರೆ ಈ ಎಣಿಕೆ ಸಾಧ್ಯವೇ ಇರಲಿಲ್ಲ. ಆದರೂ ತಕರಾರು ಮುಗಿಯಲಿಲ್ಲ. ಮುದ್ರಿತ ಕಾಗದದ ಮೇಲೆ ಯಂತ್ರ ಓದುವುದು ಕ್ಯೂಆರ್ ಸಂಕೇತವನ್ನು, ಮತದಾರ ಓದುವುದು ಅಕ್ಷರಗಳನ್ನು. ಎರಡೂ ಒಂದೇ ಎಂದು ನಂಬುವುದು ಹೇಗೆ? ಎಣಿಕೆಗೆ ಆ ಸಂಕೇತವನ್ನು ಬಳಸಕೂಡದು ಎಂದು 2024ರಲ್ಲಿ ಶಾಸನಸಭೆ ಕಾನೂನು ಮಾಡಿ, 2026ರ ಜುಲೈ 1ರ ಗಡುವು ಬರೆಯಿತು.

ಅರಿಜೋನಾದ ಲಕೋಟೆ

ಈಗ ಅರಿಜೋನಾಗೆ ಬರೋಣ. ಅಲ್ಲಿ ಮತದಾರ ಕಾಗದದ ಮೇಲೆ ಲೇಖನಿಯಿಂದ ಗುರುತು ಹಾಕುತ್ತಾನೆ, ಎಣಿಕೆ ಯಂತ್ರ ಅದನ್ನು ಓದುತ್ತದೆ. ಯಂತ್ರಕ್ಕೆ ಕೇಂದ್ರದ ಮನ್ನಣೆ ಪಡೆದ ಪ್ರಯೋಗಾಲಯದ ಪರೀಕ್ಷೆಯಾಗಬೇಕು. ಅದಾದ ಮೇಲೆ ರಾಜ್ಯದ ಮೂವರ ಸಮಿತಿ ನೋಡಬೇಕು. ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿನ ಒಬ್ಬರು, ವಕೀಲರ ಸಂಘದ ಒಬ್ಬರು, ಚುನಾವಣೆಯ ಕೆಲಸ ಬಲ್ಲ ಒಬ್ಬರು. ಮೂವರೂ ಒಂದೇ ಪಕ್ಷದವರಾಗಿರಕೂಡದು. ಚುನಾವಣೆಗೆ ಮೊದಲು, ಮೊದಲೇ ಲೆಕ್ಕ ಗೊತ್ತಿರುವ ಒಂದು ಕಂತೆ ಮತಪತ್ರಗಳನ್ನು ಯಂತ್ರಕ್ಕೆ ಉಣಿಸಿ, ಉತ್ತರ ಸರಿಬರುತ್ತದೆಯೇ ಎಂದು ಸಾರ್ವಜನಿಕರ ಎದುರಿಗೇ ಪರೀಕ್ಷಿಸಬೇಕು. ನಮ್ಮ ಅಂಗಡಿಗಳ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯವರು ಮುದ್ರೆ ಹಾಕುವ ಹಾಗೆ.

ಆದರೆ ಅರಿಜೋನಾದ ಹೆಚ್ಚಿನ ಮತದಾರರು ಮತಗಟ್ಟೆಯಲ್ಲಿ ಮತ ಹಾಕುವುದೇ ಇಲ್ಲ. ಅಮೆರಿಕದಲ್ಲಿ ದೂರದಿಂದ ಮತ ಹಾಕುವ ಪದ್ಧತಿ 1860ರ ದಶಕದ ಅಂತರ್ಯುದ್ಧದ ಸೈನಿಕರಿಗಾಗಿ ಬೆಳೆಯಿತು. ಬಹುಕಾಲ ಕಾಯಿಲೆ, ಪ್ರಯಾಣ ಮುಂತಾದ ಕಾರಣ ಕೊಟ್ಟವರಿಗೆ ಮಾತ್ರ ಅವಕಾಶವಿತ್ತು. ಮತದಾನ ನಡೆಯುವುದು ಮಂಗಳವಾರ, ಅದು ರಾಷ್ಟ್ರೀಯ ರಜೆಯಲ್ಲ. ದಿನಗೂಲಿಯವರಿಗೆ ಸಾಲಿನಲ್ಲಿ ನಿಲ್ಲುವುದೇ ನಷ್ಟ. ಅರಿಜೋನಾ 1991ರಲ್ಲಿ ಕಾರಣ ಕೇಳುವುದನ್ನು ಬಿಟ್ಟಿತು. 2007ರಲ್ಲಿ, ಒಮ್ಮೆ ಹೆಸರು ಬರೆಸಿದರೆ ಪ್ರತಿ ಚುನಾವಣೆಗೂ ಮತಪತ್ರ ಮನೆಗೆ ಬರುವ ಕಾಯಂ ಪಟ್ಟಿಯನ್ನು ಮಾಡಿತು. ಇತ್ತೀಚಿನ ಚುನಾವಣೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮತದಾರರು ಈ ಮುಂಗಡ ಮತಪತ್ರವನ್ನೇ ಬಳಸಿದ್ದಾರೆ. ಅಲ್ಲಿನ ಪೌರತ್ವ ಪಡೆದು ಅರಿಜೋನಾದಲ್ಲಿ ನೆಲೆಸಿ, ಪಟ್ಟಿಯಲ್ಲಿ ಹೆಸರು ಬರೆಸಿದ ಕನ್ನಡಿಗರ ಮನೆಗೂ ಇದೇ ಲಕೋಟೆ ಬರುತ್ತದೆ.

ಆ ಲಕೋಟೆಯ ಪಯಣ ಹೀಗಿದೆ. ಚುನಾವಣೆಗೆ 27 ದಿನ ಮುಂಚಿನಿಂದ ಮತಪತ್ರ ರವಾನೆ ಆರಂಭವಾಗುತ್ತದೆ. ಮತದಾರ ಗುರುತು ಹಾಕಿ, ಲಕೋಟೆಯಲ್ಲಿಟ್ಟು, ಅದರ ಮೇಲೆ ಸಹಿ ಮಾಡಬೇಕು. ಕೌಂಟಿ ಕಚೇರಿಯಲ್ಲಿ ಸಿಬ್ಬಂದಿ ಆ ಸಹಿಯನ್ನು ದಾಖಲೆಯಲ್ಲಿರುವ ಸಹಿಯೊಂದಿಗೆ ತಾಳೆ ನೋಡುತ್ತಾರೆ. ಸರಿಯಿದ್ದರೆ ಬೇರೆ ಬೇರೆ ಪಕ್ಷದವರಿರುವ ತಂಡ ಲಕೋಟೆ ಬಿಡಿಸಿ, ಹೆಸರಿರುವ ಲಕೋಟೆಯನ್ನೂ ಹೆಸರಿಲ್ಲದ ಮತಪತ್ರವನ್ನೂ ಬೇರ್ಪಡಿಸುತ್ತದೆ. ಅಲ್ಲಿಂದಾಚೆಗೆ ಯಾರ ಮತ ಯಾವುದೆಂದು ಯಾರಿಗೂ ತಿಳಿಯದು. ಎಣಿಕೆಯನ್ನು ಮುಂಚೆಯೇ ಶುರುಮಾಡಬಹುದು, ಆದರೆ ಮತದಾನ ಮುಗಿಯುವ ಮೊದಲು ಸಂಖ್ಯೆಯನ್ನು ಹೊರಗೆ ಬಿಟ್ಟುಕೊಟ್ಟರೆ ಅದು ಶಿಕ್ಷಾರ್ಹ ಅಪರಾಧ. ಪೆನ್ಸಿಲ್ವೇನಿಯಾ ರಾಜ್ಯದ ಕಾನೂನು ಇದಕ್ಕೆ ತದ್ವಿರುದ್ಧ. ಅಲ್ಲಿ 2020ರಲ್ಲಿ ಮತದಾನದ ದಿನ ಬೆಳಿಗ್ಗೆ 7 ಗಂಟೆಗೆ ಮೊದಲು ಲಕೋಟೆ ಬಿಡಿಸುವಂತಿರಲಿಲ್ಲ. ಮಂಗಳವಾರ ಮತದಾನವಾಗಿ, ಫಲಿತಾಂಶದ ಚಿತ್ರ ಸಿಕ್ಕಿದ್ದು ಶನಿವಾರ. ಆ ನಾಲ್ಕು ದಿನಗಳಲ್ಲಿ ಹುಟ್ಟಿದ ವದಂತಿಗಳನ್ನು ನೆನೆದರೆ, ಲಕೋಟೆ ತೆರೆಯುವ ಗಂಟೆಗೂ ಎಷ್ಟು ಬೆಲೆಯಿದೆ ಎಂದು ಗೊತ್ತಾಗುತ್ತದೆ.

ಸಹಿ ತಾಳೆಯಾಗದಿದ್ದರೆ? ವಯಸ್ಸಾದವರ ಕೈ ನಡುಗುತ್ತದೆ, ಪಾರ್ಶ್ವವಾಯು ಬಡಿದವರ ಬರಹ ಬದಲಾಗುತ್ತದೆ. ಅಧಿಕಾರಿಗಳು ಮತದಾರರನ್ನು ಸಂಪರ್ಕಿಸಲು ಯತ್ನಿಸಬೇಕು, ಚುನಾವಣೆಯ ನಂತರವೂ ಕೆಲವು ದಿನ ಅವಕಾಶ ಕೊಡಬೇಕು ಎಂದು 2019ರ ಕಾನೂನು ಹೇಳಿತು. ಆದರೆ ಸಹಿ ಮಾಡುವುದನ್ನೇ ಮರೆತವರಿಗೆ ಗಡುವು ಮತದಾನದ ದಿನ ಸಂಜೆ 7 ಗಂಟೆ.

ಕಾನೂನಿನ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಅರಿಜೋನಾದ ಈಶಾನ್ಯ ಮೂಲೆಯಲ್ಲಿ ನವಾಹೊ ಮೂಲನಿವಾಸಿಗಳ ವಿಶಾಲ ನಾಡಿದೆ. ಅಲ್ಲಿ ಎಷ್ಟೋ ಮನೆಗಳಿಗೆ ಬೀದಿಯ ಹೆಸರಿಲ್ಲ, ಬಾಗಿಲಿಗೆ ಅಂಚೆ ಬರುವುದಿಲ್ಲ. ಟಪಾಲಿಗಾಗಿ ಮೈಲಿಗಟ್ಟಲೆ ಹೋಗಬೇಕು. ನೆರೆಹೊರೆಯವರ ಲಕೋಟೆಯನ್ನು ಒಬ್ಬರು ಒಯ್ದು ಕೊಡುವುದು ಅಂಥ ಕಡೆ ಸಹಜ ಉಪಕಾರ. 2016ರ ಕಾನೂನು, ಮನೆಯವರು ಮತ್ತು ಆರೈಕೆ ಮಾಡುವವರನ್ನು ಬಿಟ್ಟು ಬೇರೆಯವರ ಮತಪತ್ರ ಒಯ್ಯುವುದನ್ನು ಗಂಭೀರ ಅಪರಾಧವನ್ನಾಗಿಸಿತು. ದಲ್ಲಾಳಿಗಳು ಮತಪತ್ರ ಸಂಗ್ರಹಿಸಿ ಒತ್ತಡ ಹೇರಬಹುದು ಎಂಬುದು ಕಾನೂನು ತಂದವರ ವಾದ. ಊರಿನ ಉಪಕಾರವನ್ನೇ ಅಪರಾಧ ಮಾಡಿದಿರಿ ಎಂಬುದು ವಿರೋಧಿಗಳ ವಾದ. 2021ರಲ್ಲಿ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಕಾನೂನನ್ನು ಎತ್ತಿಹಿಡಿಯಿತು. ಅದೇ ವರ್ಷ ರಾಜ್ಯ ತನ್ನ ಕಾಯಂ ಪಟ್ಟಿಯಿಂದ ‘ಕಾಯಂ’ ಎಂಬ ಪದವನ್ನೇ ತೆಗೆಯಿತು. ಸತತ ಎರಡು ಚುನಾವಣಾ ಅವಧಿಗಳಲ್ಲಿ ಮುಂಗಡ ಮತಪತ್ರ ಬಳಸದೆ, ನೋಟೀಸಿಗೂ ಉತ್ತರಿಸದವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಅವರು ಮತಗಟ್ಟೆಗೆ ಹೋಗಿ ಮತ ಹಾಕಬಹುದು, ಆದರೆ ಲಕೋಟೆ ಮನೆಗೆ ಬರುವುದಿಲ್ಲ.

ಇನ್ನೊಂದು ಇಕ್ಕಟ್ಟು ಇದೆ. ಮುಂಗಡ ಮತಪತ್ರವನ್ನು ಮನೆಯಲ್ಲೇ ಇಟ್ಟುಕೊಂಡು ಮತದಾನದ ದಿನವೇ ತಂದು ಹಾಕುವವರು ಬಹಳ. ಮ್ಯಾರಿಕೋಪಾ ಕೌಂಟಿಯೊಂದರಲ್ಲೇ 2022ರ ನವೆಂಬರ್‌ನಲ್ಲಿ ಒಂದೇ ದಿನ ಸುಮಾರು 2 ಲಕ್ಷ 90 ಸಾವಿರ ಲಕೋಟೆಗಳು ಹೀಗೆ ಬಂದವು. ಒಂದೊಂದರ ಸಹಿಯನ್ನೂ ತಾಳೆ ನೋಡಬೇಕಾದ್ದರಿಂದ ಎಣಿಕೆ ದಿನಗಟ್ಟಲೆ ಎಳೆಯಿತು. ಕೊನೆಯ ದಿನ ಲಕೋಟೆ ತರುವುದಕ್ಕೆ ಕಡಿವಾಣ ಹಾಕಿ ಫಲಿತಾಂಶ ಬೇಗ ಕೊಡಬೇಕೆಂಬ ಮಸೂದೆ 2025ರಲ್ಲಿ ಶಾಸನಸಭೆಯಲ್ಲಿ ಗೆದ್ದಿತು, ಗವರ್ನರ್ ಕೇಟಿ ಹಾಬ್ಸ್ ಅದನ್ನು ತಡೆದರು. ವೇಗ ಬೇಕೆನ್ನುವವರ ವಾದದಲ್ಲೂ ತಿರುಳಿದೆ, ಮತದಾರನ ಅನುಕೂಲ ಮುಖ್ಯ ಎನ್ನುವವರ ವಾದದಲ್ಲೂ ತಿರುಳಿದೆ. ತಡವಾದ ಎಣಿಕೆ ಮೋಸದ ಎಣಿಕೆಯಲ್ಲ ಎಂಬುದನ್ನು ಜನರಿಗೆ ತಿಳಿಹೇಳುವ ಕೆಲಸ ಮಾತ್ರ ಪತ್ರಕರ್ತರದು.

ಕೀಲಿಕೈ ಯಾರ ಬಳಿ?

ಅರಿಜೋನಾದಲ್ಲಿ 2020ರ ಅಧ್ಯಕ್ಷ ಚುನಾವಣೆಯ ಅಂತರ 10,457 ಮತ. ಸೋಲನ್ನು ಒಪ್ಪದ ರಾಜ್ಯ ಸೆನೆಟ್‌ನ ಬಹುಮತದ ಪಕ್ಷದವರು 2021ರಲ್ಲಿ ಮ್ಯಾರಿಕೋಪಾದ ಸುಮಾರು 21 ಲಕ್ಷ ಮತಪತ್ರಗಳನ್ನೂ ಯಂತ್ರಗಳನ್ನೂ ತರಿಸಿ, ಚುನಾವಣೆಯ ಅನುಭವವಿಲ್ಲದ ಒಂದು ಖಾಸಗಿ ಸಂಸ್ಥೆಗೆ ಒಪ್ಪಿಸಿದರು. ತಿಂಗಳುಗಟ್ಟಲೆ ಎಣಿಸಿದ ಬಳಿಕ ಬೈಡನ್ ಅವರಿಗೆ 99 ಮತ ಹೆಚ್ಚಾಯಿತು, ಟ್ರಂಪ್ ಅವರಿಗೆ 261 ಕಡಿಮೆಯಾಯಿತು! ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಯಂತ್ರಗಳು ಯಾರ ಯಾರ ಕೈಯಲ್ಲಿದ್ದವು, ಒಳಗೆ ಏನಾಯಿತು ಎಂಬುದಕ್ಕೆ ಇನ್ನು ಖಾತರಿಯಿಲ್ಲ ಎಂದು ಆಗಿನ ರಾಜ್ಯ ಕಾರ್ಯದರ್ಶಿ ಹೇಳಿದರು. ಯಂತ್ರ ಕೆಟ್ಟಿತ್ತು ಎಂದಲ್ಲ. ಅದನ್ನು ಕಾಯುವ ಸರಪಳಿ ತುಂಡಾಗಿತ್ತು. ಕೌಂಟಿ ಸುಮಾರು 28 ಲಕ್ಷ ಡಾಲರ್ ಖರ್ಚುಮಾಡಿ ಬೇರೆ ಯಂತ್ರಗಳನ್ನು ತರಬೇಕಾಯಿತು. ಪ್ರಮಾಣಪತ್ರ ಇದ್ದರೆ ಸಾಲದು, ಕೀಲಿಕೈಯ ಲೆಕ್ಕವೂ ಬೇಕು.

ಕಾನೂನಿನ ಚೌಕಟ್ಟಿನೊಳಗಿನ ಮರು ಎಣಿಕೆ ಹೇಗಿರುತ್ತದೆಂಬುದನ್ನೂ ಅದೇ ರಾಜ್ಯ ಮರುವರ್ಷ ತೋರಿಸಿತು. 2022ರ ಅಟಾರ್ನಿ ಜನರಲ್ ಸ್ಪರ್ಧೆಯಲ್ಲಿ ಕ್ರಿಸ್ ಮೇಯ್ಸ್ ಅವರ ಮುನ್ನಡೆ 511. ಕಡ್ಡಾಯ ಮರು ಎಣಿಕೆಯಲ್ಲಿ ಪಿನಾಲ್ ಕೌಂಟಿಯಲ್ಲಿ ಮೊದಲು ಬಿಟ್ಟುಹೋಗಿದ್ದ ಸುಮಾರು 500 ಮತಗಳು ಸಿಕ್ಕಿ, ಮುನ್ನಡೆ 280ಕ್ಕೆ ಇಳಿಯಿತು. ತಪ್ಪು ಮನುಷ್ಯರದು. ಅದನ್ನು ಹಿಡಿದುಕೊಟ್ಟದ್ದು ಕಾಗದ.

ಕೊಲರಾಡೊ ರಾಜ್ಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 2017ರಿಂದ ಅಲ್ಲಿ ಚುನಾವಣೆಯ ಬಳಿಕ ಸಾರ್ವಜನಿಕರ ಎದುರು ಹತ್ತು ಮುಖದ ದಾಳಗಳನ್ನು 20 ಸಲ ಉರುಳಿಸುತ್ತಾರೆ. ಬಂದ ಅಂಕಿಗಳ ಆಧಾರದ ಮೇಲೆ ಅಲ್ಲೊಂದು ಇಲ್ಲೊಂದು ಮತಪತ್ರವನ್ನು ಹೊರತೆಗೆದು, ಯಂತ್ರದ ಎಣಿಕೆಯೊಂದಿಗೆ ಹೋಲಿಸುತ್ತಾರೆ. ಅಂತರ ದೊಡ್ಡದಿದ್ದರೆ ಕೆಲವು ಸಾಕು, ಚಿಕ್ಕದಿದ್ದರೆ ಹೆಚ್ಚು ತೆಗೆಯಬೇಕು. ಬೆಂದ ಅನ್ನಕ್ಕೆ ಒಂದಗುಳು ಹಿಚುಕಿ ನೋಡುವ ನಮ್ಮ ಅಡುಗೆಮನೆಯ ಲೆಕ್ಕವೇ ಅದು. ಯಾವ ಅಗುಳು ಎಂಬುದನ್ನು ಮಾತ್ರ ದಾಳ ಹೇಳುತ್ತದೆ, ಅಡುಗೆಯವರಲ್ಲ.

ನಮ್ಮಲ್ಲೂ 2013ರಲ್ಲಿ ಸುಪ್ರೀಂ ಕೋರ್ಟ್ ಮತಯಂತ್ರಕ್ಕೆ ಕಾಗದದ ಖಾತರಿ ಬೇಕೆಂದಿತು. 2019ರ ಲೋಕಸಭಾ ಚುನಾವಣೆಯಲ್ಲಿ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ತಾಳೆ ನೋಡುವ ನಿಯಮ ಬಂತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಕೋರ್ಟ್ 2024ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ಐದು ಸಾಕೇ, ಸಾಲದೇ ಎಂಬ ಚರ್ಚೆ ಈಗಲೂ ನಡೆದಿದೆ.

ಗೆಳೆಯರೇ, ನಾಳೆ ನೀವು ವರದಿಗಾರರಾಗುತ್ತೀರಿ. ಮತಯಂತ್ರದ ಸುದ್ದಿ ಬಂದಾಗ ಯಾವ ಪಕ್ಷ ಏನೆಂದಿತು ಎಂದು ಬರೆದು ಸುಮ್ಮನಾಗಬೇಡಿ. ನಾಲ್ಕು ಪ್ರಶ್ನೆ ಕೇಳಿ. ಮತಕ್ಕೆ ಕಾಗದದ ದಾಖಲೆ ಇದೆಯೇ? ಅದನ್ನು ಮತದಾರ ತಾನೇ ಓದಬಹುದೇ? ಚುನಾವಣೆಯಿಂದ ಎಣಿಕೆಯವರೆಗೆ ಅದು ಯಾರ ವಶದಲ್ಲಿತ್ತು? ಅನುಮಾನ ಬಂದರೆ ಮತ್ತೆ ಎಣಿಸಲು ಕಾನೂನಿನಲ್ಲಿ ದಾರಿಯಿದೆಯೇ? ಈ ನಾಲ್ಕಕ್ಕೂ ಉತ್ತರ ಇದ್ದೂ ಕೂಗೆದ್ದರೆ ಅದು ಸೋತವರ ಸಿಟ್ಟಿರಬಹುದು. ಒಂದಕ್ಕೆ ಉತ್ತರ ಇಲ್ಲದಿದ್ದರೆ ಆಗ ನಿಮಗೆ ನಿಜವಾದ ಸುದ್ದಿ ಸಿಕ್ಕಿದೆ. ಅದನ್ನು ಚುನಾವಣೆಗೆ ಮೊದಲೇ ಬರೆಯಿರಿ. ಫಲಿತಾಂಶ ಬಂದ ಮೇಲೆ ಬರೆದರೆ ಅರ್ಧ ಜನ ನಿಮ್ಮನ್ನು ನಂಬುವುದಿಲ್ಲ.